ಹಡಗಿನವರ ಚರಿತ್ರೆ, ಹಾವಸೆಯವರ ಚರಿತ್ರೆ

ಪತ್ರಿಕೋದ್ಯಮ ಓದುತ್ತಿದ್ದ ದಿನಗಳಲ್ಲಿ ನಮ್ಮ ತಂಡ ಒಂದು ತಪ್ಪು ವರದಿ ಬರೆದಿತ್ತು. ಮಲೆನಾಡಿನ ಅಡಿಕೆ ತೋಟವೊಂದಕ್ಕೆ ಹೋಗಿದ್ದೆವು. ತೋಟದ ಯಜಮಾನರು ಗೊಬ್ಬರದ ಗುಂಡಿಯಿಂದ ಒಂದು ಹಿಡಿ ಗೊಬ್ಬರ ತೆಗೆದು ಅಂಗೈ ಮೇಲೆ ಹರಡಿದರು. ರವೆ ಕಾಳಿನಷ್ಟು ಸಣ್ಣ ಬಿಳಿ ಚುಕ್ಕೆಗಳು ಅತ್ತಿತ್ತ ಹರಿದಾಡಿದವು. ಬೆರಳು ತಾಗಿಸಿದರೆ ಕೆಲವು ಪುಟಕ್ಕನೆ ಹಾರಿ ಮಾಯವಾದವು. "ಇದೆಂಥದ್ದು ಮಾರಾಯ್ರೇ? ನೀವು ಪೇಪರಿನವರಲ್ವಾ, ಕೇಳಿ ಹೇಳಿ" ಅಂದರು. ನಾವು ಯಾರನ್ನೂ ಕೇಳಲಿಲ್ಲ. ನಮ್ಮ ಪ್ರಯೋಗ ಪತ್ರಿಕೆಯಲ್ಲಿ 'ಗೊಬ್ಬರದ ಗುಂಡಿಗೆ ಹುಳದ ಕಾಟ' ಎಂದು ಶೀರ್ಷಿಕೆ ಕೊಟ್ಟು ಎರಡು ಕಾಲಂ ತುಂಬಿಸಿದೆವು.

ಮರುದಿನ ತರಗತಿಯಲ್ಲಿ ಮೇಷ್ಟ್ರು ಒಂದೇ ಪ್ರಶ್ನೆ ಕೇಳಿದರು: "ಕಾಟ ಅಂತ ಹೇಳಿದ್ದು ಯಾರು? ರೈತರಾ, ಹುಳವಾ, ನೀವಾ?"

ಆ ಪ್ರಶ್ನೆಯ ಬೆನ್ನು ಹತ್ತಿ ಹೊರಟವರು ನಾವು ಎಲ್ಲೆಲ್ಲೋ ತಲುಪಿದೆವು. ಗೊಬ್ಬರದ ಗುಂಡಿಯಿಂದ ಬೆಲ್ಜಿಯಂನ ಗುಹೆಗೆ, ಅಲ್ಲಿಂದ ಅಂಟಾರ್ಕ್ಟಿಕಾಕ್ಕೆ. ಅಲ್ಲಿನ ಇತಿಹಾಸ ಎಂದರೆ ನಮಗೆ ಹಡಗು, ಕಪ್ತಾನ, ಬಾವುಟ, ಧ್ರುವ ಅಷ್ಟೇ ಗೊತ್ತಿತ್ತು. ಆ ಕಥೆಯಲ್ಲಿ ಆ ನೆಲದ ಮೇಲೆ ಮೊದಲೇ ಇದ್ದವರ ಹೆಸರಿರಲಿಲ್ಲ. ಈ ಬರಹ ಅವರ ಬಗ್ಗೆ.

ಹುಳವೂ ಅಲ್ಲ, ಕೀಟವೂ ಅಲ್ಲ

ನಾವು ಗುಂಡಿಯಲ್ಲಿ ಕಂಡ ಜೀವಿಗೆ ಇಂಗ್ಲಿಷಿನಲ್ಲಿ ಸ್ಪ್ರಿಂಗ್‌ಟೇಲ್ ಎನ್ನುತ್ತಾರೆ. ಹೊಟ್ಟೆಯಡಿ ಮಡಚಿಟ್ಟ ಕವಲು ಬಾಲ ಇದಕ್ಕಿದೆ. ಒಂದು ಸಣ್ಣ ಕೊಂಡಿ ಆ ಬಾಲವನ್ನು ಹಿಡಿದಿರುತ್ತದೆ. ಅಪಾಯ ಕಂಡರೆ ಕೊಂಡಿ ಬಿಡುತ್ತದೆ, ಬಾಲ ನೆಲಕ್ಕೆ ಬಡಿಯುತ್ತದೆ, ಜೀವಿ ಗಾಳಿಗೆ ಚಿಮ್ಮುತ್ತದೆ. ಕಾಲು ಆರಿದ್ದರೂ ಇಂದಿನ ವಿಜ್ಞಾನಿಗಳು ಇದನ್ನು ಕೀಟಗಳ ಸಾಲಿಗೆ ಸೇರಿಸುವುದಿಲ್ಲ. ಬಾಯಿಯ ಅಂಗಗಳು ತಲೆಯ ಒಳಗೆ ಅಡಗಿವೆ, ರೆಕ್ಕೆ ಇಲ್ಲ, ದೇಹದ ಕಟ್ಟು ಬೇರೆ. ಹಾಗಾಗಿ ಇವಕ್ಕೆ ಕೊಲೆಂಬೊಲ ಎಂಬ ಪ್ರತ್ಯೇಕ ವರ್ಗವೇ ಇದೆ. ಆ ಹೆಸರು ಕೊಟ್ಟವರು ಇಂಗ್ಲೆಂಡಿನ ಜಾನ್ ಲಬ್ಬಕ್. ಅವರು ಬ್ಯಾಂಕರ್, ಸಂಸತ್ ಸದಸ್ಯ, ಡಾರ್ವಿನ್ನರ ನೆರೆಮನೆಯವರು. 1873ರಲ್ಲಿ ಅವರು ಈ ಜೀವಿಗಳ ಬಗ್ಗೆಯೇ ಒಂದು ದೊಡ್ಡ ಗ್ರಂಥ ಪ್ರಕಟಿಸಿದರು.

ಇವುಗಳ ಊಟ ಬೂಸ್ಟು, ಪಾಚಿ, ಕೊಳೆತ ಎಲೆ. ತರಗೆಲೆ ಮಣ್ಣಾಗುವ ಕೆಲಸದಲ್ಲಿ ಇವು ಕೂಲಿಯಾಳುಗಳು. ಗೊಬ್ಬರದ ಗುಂಡಿಯಲ್ಲಿ ಇವು ಕಂಡರೆ ಕೊಳೆಯುವ ಕೆಲಸ ಚೆನ್ನಾಗಿ ನಡೆಯುತ್ತಿದೆ ಎಂದರ್ಥ. ನಾವು 'ಕಾಟ' ಎಂದು ಬರೆದದ್ದು ಇವರನ್ನು.

ಇವರ ವಂಶ ಬಹಳ ಹಳೆಯದು. ಸ್ಕಾಟ್ಲೆಂಡಿನ ರೈನಿ ಎಂಬ ಹಳ್ಳಿಯ ಬಳಿ ಒಂದು ವಿಶೇಷ ಕಲ್ಲು ಸಿಗುತ್ತದೆ. ಹಿಂದೊಮ್ಮೆ ಬಿಸಿನೀರಿನ ಬುಗ್ಗೆಗಳಿಂದ ಹರಿದ ಸಿಲಿಕಾ ಅಲ್ಲಿನ ಗಿಡಗಳನ್ನೂ ಜೀವಿಗಳನ್ನೂ ಇದ್ದ ಹಾಗೆಯೇ ಕಲ್ಲಾಗಿಸಿದೆ. ಆ ಕಲ್ಲಿನಲ್ಲಿ ಸಿಕ್ಕ ಸ್ಪ್ರಿಂಗ್‌ಟೇಲ್‌ಗೆ ಸುಮಾರು 40 ಕೋಟಿ ವರ್ಷ ವಯಸ್ಸು. ಡೈನೋಸಾರ್‌ಗಳು ಬರಲು ಇನ್ನೂ ಹದಿನೈದು ಕೋಟಿ ವರ್ಷಕ್ಕೂ ಹೆಚ್ಚು ಕಾಲ ಬಾಕಿಯಿತ್ತು. 1926ರಲ್ಲಿ ಇದಕ್ಕೆ ರೈನಿಯೆಲ್ಲ ಎಂದು ಹೆಸರಿಟ್ಟ ಇಬ್ಬರಲ್ಲಿ ಒಬ್ಬರು ಲಂಡನ್ನಿನ ಹರ್ಸ್ಟ್. ಇನ್ನೊಬ್ಬರು ಬಂಗಾಳ ಮೂಲದ ಸಮರೇಂದ್ರ ಮೌಲಿಕ್. ಭಾರತದ ಎಲೆಜೀರುಂಡೆಗಳ ಬಗ್ಗೆ ದಪ್ಪ ಸಂಪುಟಗಳನ್ನು ಬರೆದ ಮೌಲಿಕ್, ನೆಲದ ಮೇಲೆ ನಡೆದಾಡಿದ ಅತಿ ಹಳೆಯ ಆರು ಕಾಲಿನ ಜೀವಿಗಳಲ್ಲಿ ಒಂದಕ್ಕೆ ಹೆಸರಿಟ್ಟವರೂ ಹೌದು. ಈ ಸಂಗತಿ ನಮ್ಮ ಯಾವ ಪಠ್ಯದಲ್ಲೂ ಇರಲಿಲ್ಲ.

ಬೆಲ್ಜಿಕಾ ಹಡಗು

1897ರ ಆಗಸ್ಟ್‌ನಲ್ಲಿ ಬೆಲ್ಜಿಯಂನ ಆಂಟ್‌ವರ್ಪ್ ಬಂದರಿನಿಂದ ಬೆಲ್ಜಿಕಾ ಎಂಬ ಹಡಗು ದಕ್ಷಿಣಕ್ಕೆ ಹೊರಟಿತು. ನಾಯಕ ಆಡ್ರಿಯಾನ್ ದ ಗೆರ್ಲಾಶ್. ಮುಂದೆ 1911ರಲ್ಲಿ ದಕ್ಷಿಣ ಧ್ರುವ ಮುಟ್ಟಿದ ನಾರ್ವೆಯ ಅಮುಂಡ್ಸೆನ್ ಆಗ ಇದೇ ಹಡಗಿನಲ್ಲಿ ಒಬ್ಬ ಅಧಿಕಾರಿ. ವೈದ್ಯ ಅಮೆರಿಕದ ಫ್ರೆಡರಿಕ್ ಕುಕ್. ಇವರೊಂದಿಗೆ ರೊಮೇನಿಯಾದ ಎಮಿಲ್ ರಾಕೋವಿಟ್ಸ ಎಂಬ, ಇನ್ನೂ ಮೂವತ್ತು ದಾಟದ ಪ್ರಾಣಿಶಾಸ್ತ್ರಜ್ಞರಿದ್ದರು.

1898ರ ಜನವರಿ, ಫೆಬ್ರವರಿಯಲ್ಲಿ ಹಡಗು ಅಂಟಾರ್ಕ್ಟಿಕ್ ಪರ್ಯಾಯ ದ್ವೀಪದ ಪಕ್ಕದ ಜಲಸಂಧಿಯಲ್ಲಿ ಸಾಗಿತು. ಇಂದು ಅದಕ್ಕೆ ಗೆರ್ಲಾಶ್ ಜಲಸಂಧಿ ಎಂದೇ ಹೆಸರು. ಅಲ್ಲಲ್ಲಿ ದೋಣಿಯಿಳಿಸಿ ಇಪ್ಪತ್ತರಷ್ಟು ಕಡೆ ದಂಡೆಗೆ ಹೋದರು. ಉಳಿದವರು ನಕ್ಷೆ ಬರೆಯುವಾಗ, ಫೋಟೋ ತೆಗೆಯುವಾಗ ರಾಕೋವಿಟ್ಸ ಕಲ್ಲುಗಳ ಸಂದಿಯಲ್ಲಿ ಹಾವಸೆ, ಕಲ್ಲುಹೂವು, ಪಾಚಿ ಕೆರೆದು ಸೀಸೆಗಳಿಗೆ ತುಂಬಿಸುತ್ತಿದ್ದರು.

ಮುಂದಿನದು ಚರಿತ್ರೆಯ ಪುಸ್ತಕಗಳಲ್ಲಿ ಪ್ರಸಿದ್ಧವಾದ ಭಾಗ. ಮಾರ್ಚ್ ಹೊತ್ತಿಗೆ ಬೆಲ್ಜಿಕಾ ಮಂಜುಗಡ್ಡೆಯ ನಡುವೆ ಸಿಕ್ಕಿಬಿತ್ತು. ಒಂದು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿಂದ ಹೊರಬರಲಾಗಲಿಲ್ಲ. ಮೇ ತಿಂಗಳಲ್ಲಿ ಮುಳುಗಿದ ಸೂರ್ಯ ಮತ್ತೆ ಕಂಡದ್ದು ಜುಲೈ ಕೊನೆಗೆ. ಆ ಕತ್ತಲಲ್ಲೇ ಜೂನ್‌ನಲ್ಲಿ ಎಮಿಲ್ ಡಾಂಕೊ ತೀರಿಕೊಂಡರು. ವಸಡು ಊದಿ, ಕಾಲು ಬಾತು ಸ್ಕರ್ವಿ ಬಂದವರಿಗೆ ಕುಕ್ ಪೆಂಗ್ವಿನ್ ಮತ್ತು ಸೀಲ್ ಮಾಂಸ ತಿನ್ನಿಸಿ ಜೀವ ಉಳಿಸಿದರು. ಕೊನೆಗೆ ಗರಗಸದಿಂದ ಮಂಜು ಕೊಯ್ದು, ಸಿಡಿಮದ್ದು ಇಟ್ಟು ಕಾಲುವೆ ಮಾಡಿ, 1899ರ ಮಾರ್ಚ್‌ನಲ್ಲಿ ಹಡಗನ್ನು ಬಿಡಿಸಿಕೊಂಡರು. ಅಂಟಾರ್ಕ್ಟಿಕ್ ವೃತ್ತದೊಳಗೆ ಚಳಿಗಾಲ ಕಳೆದ ಮೊದಲ ಮನುಷ್ಯರು ಇವರು ಎಂದು ಚರಿತ್ರೆ ಬರೆಯುತ್ತದೆ.

ಮನುಷ್ಯರ ಮಟ್ಟಿಗೆ ಅದು ನಿಜ. ಆದರೆ ರಾಕೋವಿಟ್ಸರ ಸೀಸೆಗಳಲ್ಲಿ ಅಂಥ ಚಳಿಗಾಲಗಳನ್ನು ಲೆಕ್ಕವಿಲ್ಲದಷ್ಟು ಕಳೆದ ಕುಲದವರು ಮಲಗಿದ್ದರು.

ಬೆಲ್ಜಿಯಂಗೆ ಮರಳಿದ ಸೀಸೆಗಳನ್ನು ಬೇರೆ ಬೇರೆ ತಜ್ಞರಿಗೆ ಹಂಚಲಾಯಿತು. ರೆಕ್ಕೆಯಿಲ್ಲದ ಒಂದು ನೊಣಕ್ಕೆ ಹಡಗಿನ ಹೆಸರನ್ನೇ ಇಟ್ಟು ಬೆಲ್ಜಿಕಾ ಅಂಟಾರ್ಕ್ಟಿಕಾ ಎಂದರು. ಅಂಟಾರ್ಕ್ಟಿಕಾದ ನೆಲದ ಮೇಲೆಯೇ ಇಡೀ ಬದುಕು ಕಳೆಯುವ ಪ್ರಾಣಿಗಳಲ್ಲಿ ಅತಿ ದೊಡ್ಡದು ಇದೇ. ಉದ್ದ ಆರು ಮಿಲಿಮೀಟರಿನೊಳಗೆ! ಪೆಂಗ್ವಿನ್, ಸೀಲ್‌ಗಳೆಲ್ಲ ಸಮುದ್ರದ ಅನ್ನ ಉಣ್ಣುವವು. ಅವು ನೆಲಕ್ಕೆ ಬಂದುಹೋಗುವ ನೆಂಟರು. ನೆಲದ ಒಕ್ಕಲು ಈ ಸಣ್ಣವರದ್ದು.

ಸ್ಪ್ರಿಂಗ್‌ಟೇಲ್‌ಗಳ ಸೀಸೆ ಗೆಂಟ್ ನಗರದ ವಿಕ್ಟರ್ ವಿಲ್ಲೆಮ್ ಎಂಬ ಪ್ರಾಣಿಶಾಸ್ತ್ರಜ್ಞರ ಮೇಜಿಗೆ ಬಂತು. 1901ರಲ್ಲಿ ಅವರು ಅದರಲ್ಲಿದ್ದ ಎಳ್ಳಿಗಿಂತ ಸಣ್ಣ, ಕಪ್ಪು ಬಣ್ಣದ ಜೀವಿಗೆ ಕ್ರಿಪ್ಟೋಪೈಗಸ್ ಅಂಟಾರ್ಕ್ಟಿಕಸ್ ಎಂದು ಹೆಸರಿಟ್ಟರು. ಕ್ರಿಪ್ಟೋಪೈಗಸ್ ಎಂಬ ಹೊಸ ಕುಲವೇ ಆಗ ಹುಟ್ಟಿತು. ಗ್ರೀಕ್ ಮಾತಿನ ಅರ್ಥ 'ಹಿಂಬದಿ ಅಡಗಿಸಿಕೊಂಡದ್ದು'. ದೇಹದ ಕೊನೆಯ ತುಂಡು ಬೇರೆಯಾಗಿ ಕಾಣದಿರುವುದೇ ಈ ಹೆಸರಿಗೆ ಕಾರಣ.

ಮರುವರ್ಷ, 1902ರಲ್ಲಿ, ಇದೇ ವಿಲ್ಲೆಮ್ ಬೆಲ್ಜಿಯಂನ ಹಾನ್ ಮತ್ತು ರೋಶ್‌ಫೋರ್ ಗುಹೆಗಳ ಸ್ಪ್ರಿಂಗ್‌ಟೇಲ್‌ಗಳ ಬಗ್ಗೆ ಬರೆದರು. ಅಲ್ಲಿ ಅವರು ಹೆಸರಿಸಿದ್ದು ಕಣ್ಣಿಲ್ಲದ, ಬಿಳಿ ಮೈಯ ಫೋಲ್ಸೋಮಿಯ ಕ್ಯಾಂಡಿಡ. ಈ ಎರಡು ಹೆಸರುಗಳನ್ನು ನೆನಪಿಟ್ಟುಕೊಳ್ಳಿ. ಕೊನೆಗೆ ಇವೆರಡೂ ಒಂದೇ ಕಡೆ ಭೇಟಿಯಾಗಲಿವೆ.

ಹೆಪ್ಪು ಹಾಕದ ಹಾಲು

ಕ್ರಿಪ್ಟೋಪೈಗಸ್ ಕುಲದ ಬೇರೆ ಪ್ರಭೇದಗಳು ಆಸ್ಟ್ರೇಲಿಯ, ನ್ಯೂಜಿಲೆಂಡ್, ದಕ್ಷಿಣ ಅಮೆರಿಕಗಳಲ್ಲೂ ಇವೆ. ಅಂಟಾರ್ಕ್ಟಿಕಸ್ ಪ್ರಭೇದದ ಮನೆ ಅಂಟಾರ್ಕ್ಟಿಕ್ ಪರ್ಯಾಯ ದ್ವೀಪ ಮತ್ತು ಸುತ್ತಲಿನ ದಕ್ಷಿಣ ಶೆಟ್‌ಲ್ಯಾಂಡ್, ದಕ್ಷಿಣ ಆರ್ಕ್ನಿ, ದಕ್ಷಿಣ ಜಾರ್ಜಿಯದಂಥ ದ್ವೀಪಗಳು. ಅಂಟಾರ್ಕ್ಟಿಕಾದಲ್ಲಿ ಮಂಜಿಲ್ಲದ ನೆಲ ಶೇ. 1ರ ಅರ್ಧದಷ್ಟೂ ಇಲ್ಲ. ಆ ಚೂರುಪಾರು ನೆಲದ ಹಾವಸೆಯಲ್ಲಿ, ಕಲ್ಲಿನಡಿಯಲ್ಲಿ, ಪೆಂಗ್ವಿನ್ ಕೇರಿಗಳ ಅಂಚಿನ ಪಾಚಿಯಲ್ಲಿ ಇವು ಬದುಕುತ್ತವೆ. ಒಂದು ಚದರ ಮೀಟರ್ ಹಾವಸೆಯಲ್ಲಿ ಸಾವಿರಗಟ್ಟಲೆ ಇರಬಲ್ಲವು.

ಇವು ಹೇಗೆ ಬದುಕುತ್ತವೆ ಎಂದು ವರ್ಷಗಟ್ಟಲೆ ಕೂತು ನೋಡಿದ್ದು ಸಿಗ್ನಿ ಎಂಬ ಪುಟ್ಟ ದ್ವೀಪದಲ್ಲಿ. 1947ರಲ್ಲಿ ಬ್ರಿಟಿಷರು ಅಲ್ಲೊಂದು ಕೇಂದ್ರ ತೆರೆದಿದ್ದರು. 1960ರ ದಶಕದಿಂದ ಅಲ್ಲಿ ಪೀಟರ್ ಟಿಲ್‌ಬ್ರೂಕ್, ನಂತರ ವಿಲಿಯಂ ಬ್ಲಾಕ್ ಮುಂತಾದವರು ಈ ಜೀವಿಯ ಊಟ, ಬೆಳವಣಿಗೆ, ಚಳಿ ತಡೆಯುವ ಬಗೆಯನ್ನು ಅಳೆದರು. ನಮ್ಮ ಗೊಬ್ಬರದ ಗುಂಡಿಯ ನೆಂಟರು ಕೆಲವೇ ವಾರಗಳಲ್ಲಿ ಬೆಳೆದುಬಿಡುತ್ತಾರೆ. ಅಲ್ಲಿನವಕ್ಕೆ ಬೆಳೆಯಲು ವರ್ಷಗಳೇ ಬೇಕು. ಬೇಸಿಗೆ ಅಷ್ಟು ಗಿಡ್ಡ.

ಚಳಿಯ ವಿಷಯ ನಮಗೆ ಅರ್ಥವಾದದ್ದು ಮನೆಯ ಮೊಸರಿನಿಂದ. ಹಾಲು ಮೊಸರಾಗಲು ಹೆಪ್ಪು ಬೇಕು. ಹಾಗೆಯೇ ಶುದ್ಧ ನೀರು ಮಂಜಾಗಲೂ ಒಂದು 'ಹೆಪ್ಪು' ಬೇಕು. ಧೂಳಿನ ಕಣವೋ, ಬ್ಯಾಕ್ಟೀರಿಯಾವೋ, ಏನಾದರೊಂದು ಇದ್ದರೆ ಅದರ ಸುತ್ತ ಮಂಜಿನ ಹರಳು ಕಟ್ಟುತ್ತದೆ. ಇಲ್ಲದಿದ್ದರೆ ನೀರು ಸೊನ್ನೆ ಡಿಗ್ರಿಗಿಂತ ಬಹಳ ಕೆಳಗೂ ನೀರಾಗಿಯೇ ಇರಬಲ್ಲದು. ಸ್ಪ್ರಿಂಗ್‌ಟೇಲ್ ಮೈಯೊಳಗೆ ಅಂಥ ಹೆಪ್ಪು ಎಂದರೆ ಹೊಟ್ಟೆಯಲ್ಲಿರುವ ಊಟವೇ. ಹೊಟ್ಟೆ ತುಂಬಿದ್ದರೆ ಸೊನ್ನೆಗಿಂತ ಕೆಲವೇ ಡಿಗ್ರಿ ಕೆಳಗೆ ಮೈ ಮಂಜಾಗಿ ಸತ್ತುಹೋಗುತ್ತದೆ. ಆದ್ದರಿಂದ ಚಳಿಗಾಲ ಬರುವಾಗ ಇವು ಊಟ ಬಿಟ್ಟು ಹೊಟ್ಟೆ ಖಾಲಿ ಮಾಡಿಕೊಳ್ಳುತ್ತವೆ. ಮೈಯಲ್ಲಿ ಗ್ಲಿಸರಾಲ್‌ನಂಥ ವಸ್ತುಗಳನ್ನೂ ಸೇರಿಸಿಕೊಳ್ಳುತ್ತವೆ. ಆಗ ಮೈನಸ್ 25 ಡಿಗ್ರಿಯ ಆಚೆಗೂ ಮಂಜಾಗದೆ ಉಳಿಯುತ್ತವೆ. ಬೆಲ್ಜಿಕಾದ ಜನ ತಿಂದು ಬದುಕಿದರು, ದಂಡೆಯ ಇವು ತಿನ್ನದೆ ಬದುಕಿದವು.

ಬಂದವರಾ, ಇದ್ದವರಾ?

ಇವು ಅಲ್ಲಿ ಎಂದಿನಿಂದ ಇವೆ ಎಂಬುದು ಬಹುಕಾಲ ಜಗಳದ ಪ್ರಶ್ನೆ. ಸುಮಾರು 20 ಸಾವಿರ ವರ್ಷಗಳ ಹಿಂದೆ ಹಿಮಯುಗ ತುತ್ತತುದಿಯಲ್ಲಿದ್ದಾಗ ಅಂಟಾರ್ಕ್ಟಿಕಾ ಪೂರ್ತಿ ಮುಚ್ಚಿಹೋಗಿತ್ತು, ನೆಲದ ಜೀವವೆಲ್ಲ ಅಳಿಸಿಹೋಯಿತು, ಈಗಿರುವವು ಆಮೇಲೆ ಗಾಳಿಯಲ್ಲೋ ಹಕ್ಕಿಯ ಕಾಲಿಗಂಟಿಯೋ ಬಂದವು ಎಂದು ಅನೇಕರು ನಂಬಿದ್ದರು. ಅಂದರೆ ಇವೂ ವಲಸೆ ಬಂದವೇ, ಮನುಷ್ಯರಿಗಿಂತ ಸ್ವಲ್ಪ ಮೊದಲು ಅಷ್ಟೆ.

2000ದ ನಂತರ ಡಿಎನ್‌ಎ ಪರೀಕ್ಷೆ ಈ ಮಾತನ್ನು ಬದಲಿಸಿತು. ಬೇರೆ ಬೇರೆ ಕಣಿವೆ, ದ್ವೀಪಗಳ ಸ್ಪ್ರಿಂಗ್‌ಟೇಲ್‌ಗಳ ವಂಶವಾಹಿಗಳನ್ನು ಹೋಲಿಸಿದರೆ ಅವು ಎಷ್ಟು ಕಾಲದ ಹಿಂದೆ ಕವಲೊಡೆದವು ಎಂದು ಅಂದಾಜು ಮಾಡಬಹುದು. ಲೆಕ್ಕ ಸಾವಿರಗಳಲ್ಲಿ ಬರಲಿಲ್ಲ, ಲಕ್ಷ ಮತ್ತು ದಶಲಕ್ಷಗಳಲ್ಲಿ ಬಂತು. 2007ರಲ್ಲಿ ಪೀಟರ್ ಕಾನ್ವೆ ಮತ್ತು ಮಾರ್ಕ್ ಸ್ಟೀವನ್ಸ್ ಈ ಸಾಕ್ಷ್ಯಗಳನ್ನೆಲ್ಲ ಒಟ್ಟುಗೂಡಿಸಿ, ಅಂಟಾರ್ಕ್ಟಿಕಾದ ನೆಲದ ಜೀವಿಗಳಲ್ಲಿ ಅನೇಕವು ಹಿಮಯುಗಗಳನ್ನು ಅಲ್ಲೇ ಇದ್ದು ದಾಟಿದವು ಎಂದು ವಾದಿಸಿದರು. ಹಾಗಿದ್ದರೆ ಎಲ್ಲೋ ಒಂದಿಷ್ಟು ನೆಲ ಯಾವಾಗಲೂ ತೆರೆದೇ ಇತ್ತು ಎಂದಾಯಿತು. ಜ್ವಾಲಾಮುಖಿಗಳ ಬಿಸಿ ನೆಲ ಅಂಥ ಆಸರೆಯಾಗಿತ್ತು ಎಂದು ಕೆಲವರು ಹೇಳುತ್ತಾರೆ.

ಹೀಗೆ ಚರಿತ್ರೆಯಲ್ಲಿ ಹೆಸರಿಲ್ಲದವರೇ ಚರಿತ್ರೆಗೆ ಸಾಕ್ಷಿಯಾದರು. ಮಂಜಿನ ಹಾಳೆ ಯಾವಾಗ ಹಿಗ್ಗಿತು, ಯಾವಾಗ ಕುಗ್ಗಿತು ಎಂಬುದನ್ನು ತಿಳಿಯಲು ಭೂವಿಜ್ಞಾನಿಗಳು ಈಗ ಸ್ಪ್ರಿಂಗ್‌ಟೇಲ್‌ಗಳ ವಂಶಾವಳಿಯನ್ನೂ ನೋಡುತ್ತಾರೆ. 2020ರಲ್ಲಿ ರಾಸ್ ಸಮುದ್ರದ ಸುತ್ತಲಿನ ಸ್ಪ್ರಿಂಗ್‌ಟೇಲ್‌ಗಳ ಮೇಲೆ ನಡೆದ ಅಧ್ಯಯನವೊಂದು, ಪಶ್ಚಿಮ ಅಂಟಾರ್ಕ್ಟಿಕಾದ ಮಂಜಿನ ಹಾಳೆ ಹಿಂದೆ ಕುಸಿದ ಕಾಲಗಳ ಅಂದಾಜಿಗೆ ಇವುಗಳ ಡಿಎನ್‌ಎ ತಾಳೆಯಾಗುತ್ತದೆ ಎಂದು ತೋರಿಸಿತು. ಆ ಹಾಳೆ ಮತ್ತೆ ಕುಸಿದರೆ ಸಮುದ್ರ ಏರುತ್ತದೆ. ಉಳ್ಳಾಲದ ಕಡಲ್ಕೊರೆತ ವರದಿ ಮಾಡಲು ಮಳೆಗಾಲದಲ್ಲಿ ಹೋಗುವ ನಮಗೂ ಅದು ದೂರದ ಸುದ್ದಿಯಲ್ಲ.

ಬೂಟಿನ ಮಣ್ಣು

ದಕ್ಷಿಣ ಶೆಟ್‌ಲ್ಯಾಂಡ್‌ನ ಡಿಸೆಪ್ಶನ್ ದ್ವೀಪ ಒಂದು ಜೀವಂತ ಜ್ವಾಲಾಮುಖಿ. ಅದರ ಬಾಯೊಳಗೇ ಸಮುದ್ರ ನುಗ್ಗಿ ಸಹಜ ಬಂದರಾಗಿದೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಲ್ಲಿ ತಿಮಿಂಗಿಲ ಕೊಂದು ಎಣ್ಣೆ ಕಾಯಿಸುವ ಕಾರ್ಖಾನೆಯಿತ್ತು. ಆಮೇಲೆ ಸಂಶೋಧನಾ ಕೇಂದ್ರಗಳು ಬಂದವು. 1967 ಮತ್ತು 1969ರ ಸ್ಫೋಟಗಳಲ್ಲಿ ಅವು ಹಾಳಾದವು. ಈಗ ಪ್ರವಾಸಿ ಹಡಗುಗಳು ಬರುತ್ತವೆ. ಒಂದು ಶತಮಾನದಲ್ಲಿ ಅಲ್ಲಿಗೆ ಎಷ್ಟು ಬೂಟು, ಎಷ್ಟು ಪೆಟ್ಟಿಗೆ, ಎಷ್ಟು ಸಾಮಾನು ಇಳಿದಿರಬಹುದು!

ಬೂಟಿನ ಜೊತೆ ಮಣ್ಣು ಬಂತು. ಮಣ್ಣಿನ ಜೊತೆ ಹೊರಗಿನ ಸ್ಪ್ರಿಂಗ್‌ಟೇಲ್‌ಗಳೂ ಬಂದವು. ಜ್ವಾಲಾಮುಖಿಯ ಬಿಸಿ ನೆಲ ಅವಕ್ಕೆ ಒಗ್ಗಿತು. ಅಲ್ಲಿ ನೆಲೆಯೂರಿದ ಹೊರಗಿನವುಗಳ ಪಟ್ಟಿಯಲ್ಲಿ ಫೋಲ್ಸೋಮಿಯ ಕ್ಯಾಂಡಿಡ ಕೂಡ ಇದೆ. ಬೆಲ್ಜಿಯಂನ ಗುಹೆಯಿಂದ ವಿಲ್ಲೆಮ್ ಹೆಸರಿಸಿದ್ದು, ಬೆಲ್ಜಿಕಾದ ಸೀಸೆಯಿಂದ ಅದೇ ವಿಲ್ಲೆಮ್ ಹೆಸರಿಸಿದ್ದು, ಎರಡೂ ಈಗ ಒಂದೇ ದ್ವೀಪದ ಮಣ್ಣಿನಲ್ಲಿವೆ. ಮೊದಲನೆಯದಕ್ಕೆ ಗಂಡೇ ಬೇಕಿಲ್ಲ, ಒಂದು ಹೆಣ್ಣು ಬಂದರೂ ಸಂತಾನ ಬೆಳೆಯುತ್ತದೆ. ಎರಡನೆಯದು ಬೆಳೆಯಲು ವರ್ಷಗಳು ಬೇಕು. ನೆಲ ತಂಪಾಗಿರುವವರೆಗೆ ಚಳಿಯೇ ಎರಡನೆಯದಕ್ಕೆ ಬೇಲಿ. ಇಪ್ಪತ್ತನೇ ಶತಮಾನದ ಉತ್ತರಾರ್ಧದಲ್ಲಿ ಪರ್ಯಾಯ ದ್ವೀಪದ ಭಾಗ ಜಗತ್ತಿನಲ್ಲೇ ವೇಗವಾಗಿ ಬಿಸಿಯಾದ ಪ್ರದೇಶಗಳಲ್ಲಿ ಒಂದು. ಬೇಲಿ ಸಡಿಲವಾಗುತ್ತಿದೆ.

ಕಾಳಜಿಯಿರುವ ವಿಜ್ಞಾನಿಗಳ ಕೈಯಿಂದಲೂ ತಪ್ಪಾಗಿದೆ. 1960ರ ದಶಕದಲ್ಲಿ ಇದೇ ಸಿಗ್ನಿ ದ್ವೀಪಕ್ಕೆ ಪ್ರಯೋಗಕ್ಕೆಂದು ದಕ್ಷಿಣ ಜಾರ್ಜಿಯದಿಂದ ಗಿಡಗಳನ್ನು ತಂದು ನೆಟ್ಟರು. ಗಿಡದ ಬೇರಿನ ಮಣ್ಣಿನಲ್ಲಿ ಒಂದು ಸಣ್ಣ ರೆಕ್ಕೆಯಿಲ್ಲದ ನೊಣವೂ ಬಂತು. ಇಂದಿಗೂ ಅದು ಅಲ್ಲಿ ಹರಡುತ್ತಲೇ ಇದೆ. ಹಿಡಿ ಮಣ್ಣು ಎಂದರೆ ಬರೀ ಮಣ್ಣಲ್ಲ ಎಂಬ ಪಾಠ ತಡವಾಗಿ ಬಂತು. 1991ರಲ್ಲಿ ಸಹಿಯಾಗಿ 1998ರಲ್ಲಿ ಜಾರಿಗೆ ಬಂದ ಮ್ಯಾಡ್ರಿಡ್ ಒಪ್ಪಂದ ಅನುಮತಿಯಿಲ್ಲದೆ ಹೊರಗಿನ ಜೀವಿಗಳನ್ನು ತರುವುದನ್ನು ನಿಷೇಧಿಸುತ್ತದೆ. ಈಗ ಹಡಗಿನಿಂದ ಇಳಿಯುವವರು ಬೂಟು ತೊಳೆದು, ಜೇಬಿನ ಹೊಲಿಗೆಯಲ್ಲಿ ಸಿಕ್ಕಿದ ಬೀಜವನ್ನೂ ತೆಗೆದು ಇಳಿಯಬೇಕು.

ಇದರಲ್ಲಿ ನಮ್ಮ ದೇಶಕ್ಕೂ ಪಾಲಿದೆ. ಭಾರತದ ಮೈತ್ರಿ ಕೇಂದ್ರ 1989ರಿಂದ ಅಂಟಾರ್ಕ್ಟಿಕಾದ ಕ್ವೀನ್ ಮಾಡ್ ಲ್ಯಾಂಡ್‌ನಲ್ಲಿದೆ. ಅದೇ ವಿಶಾಲ ಪ್ರದೇಶದ ಪರ್ವತಗಳಲ್ಲಿ ಕ್ರಿಪ್ಟೋಪೈಗಸ್ ಕುಲದ ಇನ್ನೊಂದು ಪ್ರಭೇದ ಬದುಕುತ್ತಿದೆ. 2022ರಲ್ಲಿ ನಮ್ಮ ಸಂಸತ್ತು ಅಂಟಾರ್ಕ್ಟಿಕ್ ಕಾಯ್ದೆ ಮಾಡಿತು. ಅದು ಅಂಗೀಕಾರವಾದಾಗ ನಾವು ಯಾರೂ ಅದರ ಬಗ್ಗೆ ಒಂದು ಸಾಲೂ ಬರೆದಿರಲಿಲ್ಲ.

ಒಂದು ತಿದ್ದುಪಡಿ

ಗುಹೆಯ ಆ ಬಿಳಿ ಫೋಲ್ಸೋಮಿಯಕ್ಕೆ ಇನ್ನೊಂದು ಕೆಲಸವೂ ಇದೆ. ಸಾಕಲು ಸುಲಭವಾದ್ದರಿಂದ ಮಣ್ಣು ವಿಷವಾಗಿದೆಯೇ ಎಂದು ನೋಡುವ ಪರೀಕ್ಷೆಗೆ ಜಗತ್ತಿನಾದ್ಯಂತ ಇದನ್ನೇ ಬಳಸುತ್ತಾರೆ. 1999ರಲ್ಲಿ ಇದಕ್ಕೆ ಅಂತರರಾಷ್ಟ್ರೀಯ ಮಾನದಂಡವೇ ಬಂತು. ಪರೀಕ್ಷಿಸಬೇಕಾದ ಮಣ್ಣಿನಲ್ಲಿ ಇವನ್ನು ಬಿಟ್ಟು 28 ದಿನ ಕಾಯುತ್ತಾರೆ. ಎಷ್ಟು ಬದುಕಿವೆ, ಎಷ್ಟು ಮರಿ ಹುಟ್ಟಿವೆ ಎಂದು ಎಣಿಸುತ್ತಾರೆ. ಮರಿ ಕಡಿಮೆಯಾದರೆ ಮಣ್ಣು ಕೆಟ್ಟಿದೆ ಎಂದು ತಿಳಿಯುತ್ತದೆ. ಕೀಟನಾಶಕದ ಡಬ್ಬಿ ಮಾತಾಡುವುದಿಲ್ಲ, ಇವು ಮಾತಾಡುತ್ತವೆ.

ರಾಕೋವಿಟ್ಸ ಅಂಟಾರ್ಕ್ಟಿಕಾದಿಂದ ಬಂದ ಮೇಲೆ ಗುಹೆಗಳ ಕತ್ತಲೆಯ ಜೀವಿಗಳ ಹಿಂದೆ ಹೋದರು. 1907ರಲ್ಲಿ ಅವರು ಬರೆದ ಪ್ರಬಂಧದಿಂದ ಗುಹಾಜೀವಶಾಸ್ತ್ರ ಎಂಬ ಶಾಖೆಯೇ ಬೆಳೆಯಿತು. 1920ರಲ್ಲಿ ರೊಮೇನಿಯಾದ ಕ್ಲುಜ್ ನಗರದಲ್ಲಿ ಗುಹೆಗಳಿಗೆಂದೇ ಒಂದು ಸಂಸ್ಥೆ ಕಟ್ಟಿದರು. ಆ ಹಾದಿಯಲ್ಲಿ ಹೋದವರಿಗೆ 2010ರಲ್ಲಿ ಅಬ್ಖಾಜಿಯಾದ ಕ್ರುಬೇರಾ ಗುಹೆಯಲ್ಲಿ, ಬಾಯಿಯಿಂದ 1,980 ಮೀಟರ್ ಆಳದಲ್ಲಿ ಸಿಕ್ಕಿದ್ದೂ ಒಂದು ಸ್ಪ್ರಿಂಗ್‌ಟೇಲ್. ಮನುಷ್ಯ ಕಷ್ಟಪಟ್ಟು ತಲುಪಿ 'ಮೊದಲು ಬಂದವ ನಾನು' ಎನ್ನುವ ಕಡೆಯಲ್ಲೆಲ್ಲ ಇವು ಆಗಲೇ ಮನೆ ಮಾಡಿಕೊಂಡಿವೆ.

ಹಳ್ಳಿಯ ಸುದ್ದಿ ಬರೆಯುವ ನಮಗೆ ಇದು ಪರಿಚಿತ ಕಥೆ. ಊರಿನ ಚರಿತ್ರೆ ಕೇಳಿದರೆ ದೇವಸ್ಥಾನ ಕಟ್ಟಿಸಿದವರ, ರಸ್ತೆ ಮಾಡಿಸಿದವರ ಹೆಸರು ಸಿಗುತ್ತದೆ. ಕೆರೆಯ ಹೂಳೆತ್ತಿದವರ, ಗೊಬ್ಬರ ಹೊತ್ತವರ ಹೆಸರು ಸಿಗುವುದಿಲ್ಲ. ದಾಖಲೆಯಲ್ಲಿ ಇಲ್ಲ ಎಂದರೆ ಅಲ್ಲಿ ಯಾರೂ ಇರಲಿಲ್ಲ ಎಂದಲ್ಲ. ಕೆರೆದು ನೋಡಿದವರು ಇಲ್ಲ ಎಂದಷ್ಟೇ.

ಆ ತೋಟದ ಯಜಮಾನರಿಗೆ ನಾವು ಇನ್ನೂ ಉತ್ತರ ಕೊಡಬೇಕಿದೆ. ಕೊಡುವಾಗ ಹೀಗೆ ಹೇಳುತ್ತೇವೆ: ಅದು ಕಾಟ ಅಲ್ಲ, ನಿಮ್ಮ ಆಳು. ಅದರ ವಂಶಕ್ಕೆ 40 ಕೋಟಿ ವರ್ಷ. ಅದರ ನೆಂಟರು ಮಂಜಿನ ಖಂಡದಲ್ಲಿ ಉಪವಾಸ ಕೂತು ಚಳಿಗಾಲ ಕಳೆಯುತ್ತಿದ್ದಾರೆ. ಗುಂಡಿಗೆ ಏನೂ ಸಿಂಪಡಿಸಬೇಡಿ. ಅಂದು ತಪ್ಪು ಬರೆದದ್ದು ನಾವು.